ಸರ್ಟಿಫಿಕೇಟ್ ಸಿಕ್ಕಿತು, ಸ್ಟ್ಯಾಟಿಸ್ಟಿಕ್ಸ್ ಯಾವಾಗ?

ಮಾನ್ಯ ಸಂಪಾದಕರೇ,

ಈಚೆಗೆ ಪತ್ರಿಕೆಗಳ ಒಳಪುಟದಲ್ಲೂ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲೂ ಒಂದೇ ಥರದ ಜಾಹೀರಾತು ಓಡಾಡುತ್ತಿದೆ. ಉದ್ಯೋಗದಲ್ಲಿರುವವರಿಗಾಗಿ ಆನ್‌ಲೈನ್ ತರಬೇತಿ, ಏಳೇ ದಿನದಲ್ಲಿ ಸಂಶೋಧನಾ ವಿಧಾನ ಮತ್ತು ಡೇಟಾ ಅನಾಲಿಸಿಸ್, ಭಾಗವಹಿಸಿದ ಎಲ್ಲರಿಗೂ ಇ-ಸರ್ಟಿಫಿಕೇಟ್. ಕೊನೆಯ ಸಾಲು ಮಾತ್ರ ದಪ್ಪಕ್ಷರದಲ್ಲಿ ಇರುತ್ತದೆ. ಈ ತರಬೇತಿಗಳ ಬಗ್ಗೆ ಒಳಗಿದ್ದು ನೋಡಿದವಳಾಗಿ ನಾಲ್ಕು ಮಾತು ಹೇಳಬೇಕಿದೆ. ಪತ್ರ ಸ್ವಲ್ಪ ಉದ್ದವಾದೀತು. ಜಾಗ ಇಲ್ಲದಿದ್ದರೆ ಮೊದಲರ್ಧ ಕತ್ತರಿಸಿ, ಕೊನೆಯ ಕೋರಿಕೆ ಉಳಿಸಿ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಜನರ ಬಾಯಲ್ಲಿ ಸಿಸ್ಟರ್. ಸಿಸ್ಟರಿಗೆ ಯಾಕ್ರೀ ಸ್ಟ್ಯಾಟಿಸ್ಟಿಕ್ಸ್ ಎಂದು ಕೇಳುವವರಿದ್ದಾರೆ. ನಮ್ಮ ಕೆಲಸದ ಅರ್ಧ ಭಾಗ ರಿಜಿಸ್ಟರ್ ಬರೆಯುವುದೇ. ಹೆರಿಗೆ ರಿಜಿಸ್ಟರ್, ಇಂಜೆಕ್ಷನ್ ರಿಜಿಸ್ಟರ್, ಸೋಂಕಿನ ರಿಜಿಸ್ಟರ್. ಗುಣಮಟ್ಟ ಪರಿಶೀಲನೆಗೆ ಎನ್‌ಕ್ಯೂಎಎಸ್ ತಂಡ ಬಂದಾಗ ಸೋಂಕಿನ ಪ್ರಮಾಣ ಎಷ್ಟು, ಹೋದ ತಿಂಗಳಿಗಿಂತ ಜಾಸ್ತಿಯೋ ಕಡಿಮೆಯೋ ಎಂದು ಕೇಳುತ್ತಾರೆ. ಉತ್ತರ ಹೇಳಬೇಕಾದವರು ವಾರ್ಡಿನಲ್ಲಿ ಇರುವ ನಾವೇ. ಎಂಎಸ್ಸಿ ನರ್ಸಿಂಗ್ ಮಾಡುವವರಿಗೆ ಪ್ರಬಂಧ ಇದ್ದೇ ಇದೆ. ಹಾಗಾಗಿ ಈ ವಿದ್ಯೆ ನಮಗೆ ಬೇಕು. ಡ್ಯೂಟಿ ಬಿಟ್ಟು ಊರೂರಿಗೆ ಹೋಗಿ ಕಲಿಯಲು ಆಗದ್ದರಿಂದ ಆನ್‌ಲೈನ್ ಆದರೇ ಅನುಕೂಲ. ಇಷ್ಟರ ಮಟ್ಟಿಗೆ ನನ್ನದು ಆ ಜಾಹೀರಾತಿನ ಪರವೇ.

ಆದರೆ ಒಳಗೆ ಏನು ನಡೆಯುತ್ತದೆ? ಲಾಕ್‌ಡೌನ್ ಕಾಲದಲ್ಲಿ ಶುರುವಾದ ವೆಬಿನಾರ್ ಸುಗ್ಗಿ ಇನ್ನೂ ಮುಗಿದಿಲ್ಲ. ಯೂಟ್ಯೂಬ್ ಲೈವ್ ಶುರುವಾದರೆ ಮೊದಲ ಇಪ್ಪತ್ತು ನಿಮಿಷ ಸ್ವಾಗತ, ಪರಿಚಯ, ಗಣ್ಯರ ಮಾತು. ಪಕ್ಕದ ಚಾಟ್‌ನಲ್ಲಿ ‘ಗುಡ್ ಈವ್ನಿಂಗ್ ಸರ್, ಗದಗ’, ‘ಗುಡ್ ಈವ್ನಿಂಗ್ ಮೇಡಂ, ಶಿರಸಿ’ ಎಂದು ಸಾಲುಸಾಲು. ಆಮೇಲೆ ಉಪನ್ಯಾಸಕರು ಪರದೆಯ ಮೇಲೆ ಅಂಕಿಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್ ತೆರೆಯುತ್ತಾರೆ. ಮೊದಲೇ ತಯಾರಿದ್ದ ಒಂದು ಫೈಲು, ಯಾವುದೋ ವಿದ್ಯಾರ್ಥಿಗಳ ಅಂಕಗಳು. ಅನಲೈಸ್ ಒತ್ತಿ, ಕಂಪೇರ್ ಮೀನ್ಸ್ ಒತ್ತಿ, ಓಕೆ ಕೊಡಿ. ಬಂದ ಟೇಬಲ್ಲಿನಲ್ಲಿ ‘ಸಿಗ್’ ಅಂತ ಒಂದು ಕಾಲಮ್ಮಿದೆ, ಅದು 0.05ಕ್ಕಿಂತ ಕಡಿಮೆ ಇದ್ದರೆ ಸಿಗ್ನಿಫಿಕೆಂಟ್, ಅಂದರೆ ಬರೀ ಆಕಸ್ಮಿಕ ಎನ್ನಲಾಗದ ವ್ಯತ್ಯಾಸ. ಮುಗೀತು. ಆ ಅಂಕಗಳು ಎಲ್ಲಿಂದ ಬಂದವು, ಯಾವ ಮಕ್ಕಳದು, ಯಾರನ್ನು ಬಿಟ್ಟರು, ಯಾವ ಪ್ರಶ್ನೆಗೆ ಉತ್ತರ ಹುಡುಕಲು ಈ ಲೆಕ್ಕ ಎಂದು ಹೇಳುವವರಿಲ್ಲ, ಕೇಳುವವರೂ ಇಲ್ಲ. ಕೊನೆಯಲ್ಲಿ ಫೀಡ್‌ಬ್ಯಾಕ್ ಫಾರ್ಮ್‌ನ ಲಿಂಕ್. ಆ ಲಿಂಕ್ ಅರೆಗಳಿಗೆಯಲ್ಲಿ ಗ್ರೂಪುಗಳಿಗೆ ಹೋಗುತ್ತದೆ, ತರಗತಿಯ ಮುಖ ನೋಡದವರೂ ತುಂಬುತ್ತಾರೆ. ಸರ್ಟಿಫಿಕೇಟಿನ ಮೇಲೆ ಹೆಸರು ಹೇಗಿರಬೇಕೋ ಹಾಗೇ ಟೈಪ್ ಮಾಡಿ ಅಂತ ಸೂಚನೆ ಬೇರೆ. ಹತ್ತು ನಿಮಿಷದಲ್ಲಿ ಚಿನ್ನದ ಬಣ್ಣದ ಅಂಚಿನ ಪಿಡಿಎಫ್ ಮೇಲ್‌ಗೆ ಬಂದು ಕೂತಿರುತ್ತದೆ.

ಇಂಥ ಒಂದಕ್ಕೆ ನಾನೂ ದುಡ್ಡು ಕಟ್ಟಿದ್ದೆ. ಆ ಸಂಸ್ಥೆಯ ಹೆಸರು ಬೇಡ, ಅದೊಂದೇ ಹಾಗಲ್ಲ. ‘ಸರ್, ಈ ಸಾಫ್ಟ್‌ವೇರಿನ ಟ್ರಯಲ್ ಮುಗಿದ ಮೇಲೆ ನಾವೇನು ಮಾಡೋದು?’ ಎಂದು ಚಾಟ್‌ನಲ್ಲಿ ಬರೆದೆ. ಉತ್ತರ ಬರಲಿಲ್ಲ. ಎಸ್‌ಪಿಎಸ್‌ಎಸ್‌ನ ಲೈಸೆನ್ಸ್ ಸಂಬಳದಾರರ ಕೈಗೆ ಎಟುಕುವಂಥದ್ದಲ್ಲ. ‘ಆರ್’ ಎಂಬ ಒಂದು ತಂತ್ರಾಂಶವಿದೆ, ಪೂರ್ತಿ ಉಚಿತ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು 1990ರ ದಶಕದಲ್ಲಿ ಶುರು ಮಾಡಿದ್ದು. ಆರ್‌ನಲ್ಲಿ ಕಮಾಂಡ್ ಬರೆಯಲು ಹೆದರಿಕೆಯಾದರೆ ಜಮೋವಿ, ಜಾಸ್ಪ್ ಇವೆ. ಅವೂ ಉಚಿತ, ಮೌಸ್ ಒತ್ತಿದರೆ ಸಾಕು. ಉದ್ಯೋಗಸ್ಥರಿಗೆ ಕಲಿಸುವವರು ಇದನ್ನು ಮೊದಲ ದಿನವೇ ಹೇಳಬೇಕಲ್ವಾ?

ಸಾಫ್ಟ್‌ವೇರಿನ ಮಾತು ಅಷ್ಟು ಸಾಕು. ನಿಜವಾದ ತೊಂದರೆ ಲೆಕ್ಕಕ್ಕೂ ಮುಂಚೆ ಇದೆ. ನರ್ಸಿಂಗ್ ಕಾಲೇಜುಗಳಲ್ಲಿ ಓದಿದ ಯಾರನ್ನಾದರೂ ಕೇಳಿ ನೋಡಿ, ಅವರ ಪ್ರಬಂಧದ ಶೀರ್ಷಿಕೆಯನ್ನು ನೀವೇ ಮುಕ್ಕಾಲುಪಾಲು ಊಹಿಸಬಹುದು: ಆಯ್ದ ಊರಿನ ಆಯ್ದ ಸಂಸ್ಥೆಯ ಇಂಥವರಲ್ಲಿ ಇಂಥ ಕಾಯಿಲೆಯ ಬಗ್ಗೆ ಇರುವ ತಿಳಿವಳಿಕೆಯ ಮೇಲೆ ‘ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ’ನ ಪರಿಣಾಮ. ಅರವತ್ತು ಜನರನ್ನು ಕೂರಿಸಿ ಪ್ರಶ್ನೆಪತ್ರಿಕೆ ಕೊಡುವುದು, ಮುಕ್ಕಾಲು ಗಂಟೆ ಪಾಠ ಮಾಡುವುದು, ಏಳು ದಿನ ಬಿಟ್ಟು ಅದೇ ಪ್ರಶ್ನೆಪತ್ರಿಕೆಯನ್ನು ಮತ್ತೆ ಕೊಡುವುದು. ಅಂಕ ಏರುತ್ತದೆ. ಏರದೆ ಇನ್ನೇನಾದೀತು? ಪ್ರಶ್ನೆ ಬರೆದವರೇ ಪಾಠ ಮಾಡಿದ್ದಾರೆ. ಮೊದಲ ಸಲ ಬರೆದ ಮೇಲೆ ಹುಡುಗಿಯರು ಹಾಸ್ಟೆಲಿನಲ್ಲಿ ಕೂತು ಉತ್ತರ ಚರ್ಚಿಸಿದ್ದಾರೆ. ಪಾಠವೇ ಇಲ್ಲದಿದ್ದರೆ ಎಷ್ಟು ಏರುತ್ತಿತ್ತು ಎಂದು ತಿಳಿಯಲು ಹೋಲಿಸುವ ಇನ್ನೊಂದು ಗುಂಪೇ ಇಲ್ಲ. ಒಬ್ಬರದೇ ಎರಡು ಸಲದ ಅಂಕ ಹೋಲಿಸುವ ಪೇರ್ಡ್ ಟಿ-ಟೆಸ್ಟ್ ಹಾಕುತ್ತಾರೆ, ಪಿ (ಅದೇ ‘ಸಿಗ್’ ಕಾಲಮ್ಮಿನ ಸಂಖ್ಯೆ) 0.05ಕ್ಕಿಂತ ಕಡಿಮೆ ಬರುತ್ತದೆ, ಬೈಂಡ್ ಮಾಡಿಸುತ್ತಾರೆ. ಟೆಸ್ಟಿನ ಆಯ್ಕೆ ಸರಿ, ಲೆಕ್ಕವೂ ಸರಿ. ಆದರೂ ಆ ಪಾಠದಿಂದ ಏನಾಯಿತು ಎಂಬುದು ಗೊತ್ತಾಗುವುದಿಲ್ಲ. ಇದಕ್ಕೆ ದೊಡ್ಡ ಖರ್ಚಿನ ಪರಿಹಾರವೂ ಬೇಕಿಲ್ಲ. ಪಟ್ಟಿಯಲ್ಲಿ ಚೀಟಿ ಎತ್ತಿ ಮೂವತ್ತು ಜನಕ್ಕೆ ಈಗ ಪಾಠ ಮಾಡಿ, ಉಳಿದ ಮೂವತ್ತಕ್ಕೆ ಎರಡನೇ ಪರೀಕ್ಷೆ ಆದ ಮೇಲೆ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಅದನ್ನು ಪಾಠ ಶುರುವಾಗುವ ಮೊದಲೇ ಯೋಚಿಸಿರಬೇಕು, ಅಷ್ಟೇ.

ಇನ್ನೊಂದು 384. ಗೂಗಲ್ ಫಾರ್ಮಿನಲ್ಲಿ ಸಮೀಕ್ಷೆ ಮಾಡುವವರಿಗೆ ಈ ಸಂಖ್ಯೆ ಮಂತ್ರ ಇದ್ದಹಾಗೆ. ಸ್ಯಾಂಪಲ್ ಯಾಕೆ 384 ಎಂದರೆ ಫಾರ್ಮುಲಾ ಅಂತಾರೆ. ನಿಜ, ಫಾರ್ಮುಲಾ ಇದೆ. ಅರ್ಧಕ್ಕರ್ಧ ಜನ ಹೌದು ಅನ್ನಬಹುದು ಎಂದು ಅಂದಾಜಿಸಿ, ಆಚೀಚೆ ಶೇ 5ರಷ್ಟು ತಪ್ಪನ್ನು ಒಪ್ಪಿಕೊಂಡು, ಶೇ 95ರಷ್ಟು ವಿಶ್ವಾಸ ಬೇಕೆಂದರೆ 384 ಬರುತ್ತದೆ. ಆದರೆ ಅದು ಪಟ್ಟಿ ಇಟ್ಟುಕೊಂಡು ಲಾಟರಿ ಎತ್ತಿದ ಹಾಗೆ ಜನರನ್ನು ಆರಿಸಿದಾಗ ಮಾತ್ರ. ನಮ್ಮ ಗ್ರೂಪಿನಿಂದ ನಿಮ್ಮ ಗ್ರೂಪಿಗೆ ಫಾರ್ವರ್ಡ್ ಆದ ಫಾರ್ಮನ್ನು 384 ಜನ ತುಂಬಿದರೂ ಅಷ್ಟೇ, 3,840 ಜನ ತುಂಬಿದರೂ ಅಷ್ಟೇ. ತುಂಬುವ ಪುರುಸೊತ್ತು ಯಾರಿಗಿತ್ತೋ ಅವರ ಮಾತು ಅದು. ಸಂಪಾದಕರೇ, ನಿಮ್ಮ ಪತ್ರಿಕೆಯಲ್ಲೂ ‘ಸಮೀಕ್ಷೆ ಹೇಳುತ್ತದೆ’ ಎಂದು ಸುದ್ದಿ ಬರುತ್ತದೆ. ಎಷ್ಟು ಜನರನ್ನು ಕೇಳಿದರು, ಅವರನ್ನು ಹೇಗೆ ಆರಿಸಿದರು ಎಂಬ ಒಂದು ಸಾಲು ಸೇರಿಸಿದರೆ ನಿಮ್ಮ ಓದುಗರಿಗೂ ಉಪಕಾರ.

ಇದಕ್ಕೆ ಪೂರ್ತಿ ಉಲ್ಟಾ ಇದ್ದ ಒಂದು ತರಗತಿಯನ್ನೂ ನೋಡಿದ್ದೇನೆ. ಧಾರವಾಡ ಕಡೆಯ ಒಬ್ಬರು ನಿವೃತ್ತ ಸಂಖ್ಯಾಶಾಸ್ತ್ರ ಮೇಷ್ಟ್ರು, ಪ್ರಚಾರ ಬೇಡ ಎನ್ನುವವರು, ಗೂಗಲ್ ಮೀಟ್‌ನಲ್ಲಿ ಸಣ್ಣ ಬ್ಯಾಚ್ ಮಾಡಿಕೊಂಡು ಕಲಿಸುತ್ತಿದ್ದರು. ಪಾಠ ಕನ್ನಡದಲ್ಲಿ. ಸ್ಯಾಂಪಲ್, ಬಯಾಸ್, ಮೀಡಿಯನ್ ಎಲ್ಲ ಇಂಗ್ಲಿಷಿನವೇ, ಅದರಿಂದ ಯಾರಿಗೂ ಏನೂ ಆಗಲಿಲ್ಲ. ನಮ್ಮ ಜೊತೆ ಒಬ್ಬರು ಪ್ರೌಢಶಾಲೆ ಮೇಷ್ಟ್ರು, ಒಬ್ಬರು ಫಿಸಿಯೋಥೆರಪಿಸ್ಟ್, ಒಬ್ಬರು ಗ್ರಾಮ ಆಡಳಿತಾಧಿಕಾರಿ, ಬ್ಯಾಂಕಿನವರು ಒಬ್ಬರು ಇದ್ದರು. ಮೊದಲ ದಿನ ಸರ್ ಕೇಳಿದ್ದು ಒಂದೇ: ನಿಮ್ಮ ಕೆಲಸದಲ್ಲಿ ನಿಮಗೆ ನಿಜವಾಗಿ ತಿಳಿಯಬೇಕಾಗಿರುವುದು ಏನು? ಒಂದು ವಾಕ್ಯದಲ್ಲಿ ಬರೆದು ತನ್ನಿ. ಸಾಫ್ಟ್‌ವೇರ್ ಹೆಸರನ್ನೇ ಎತ್ತಲಿಲ್ಲ.

ನನ್ನ ಪ್ರಶ್ನೆ ಕ್ಯಾನುಲಾದ್ದು. ಡ್ರಿಪ್ ಹಾಕಲು ಕೈಯ ನರಕ್ಕೆ ಚುಚ್ಚಿ ಬಿಡುತ್ತೇವಲ್ಲ, ಅದು. ಗುಲಾಬಿ ಬಣ್ಣದ್ದು 20ನೇ ನಂಬರು, ನೀಲಿಯದು 22. ಎರಡು ಮೂರು ದಿನ ಇದ್ದರೆ ಕೆಲವರಿಗೆ ಆ ಜಾಗ ಕೆಂಪಾಗಿ, ಊದಿಕೊಂಡು, ಮುಟ್ಟಿದರೆ ಉರಿಯುತ್ತದೆ. ಫ್ಲೆಬೈಟಿಸ್ ಅಂತಾರೆ. ರಾತ್ರಿ ಪಾಳಿಯಲ್ಲಿ ಹಾಕಿದ ಕ್ಯಾನುಲಾಗಳೇ ಜಾಸ್ತಿ ಊದುತ್ತವಾ ಎಂಬುದು ನಮ್ಮ ವಾರ್ಡಿನ ಹಳೇ ಜಗಳ. ರಿಜಿಸ್ಟರಿನಲ್ಲಿ ನೋಡಿದರೆ ಊದಿದ ಕೇಸುಗಳು ಹಗಲು ಪಾಳಿಯಲ್ಲೇ ಹೆಚ್ಚು. ಸರ್ ಕೇಳಿದರು, ಊದಿದ್ದು ಎಷ್ಟು ಅಂತ ಬರೆದಿದ್ದೀರಿ, ಹಾಕಿದ್ದು ಎಷ್ಟು ಅಂತ ಎಲ್ಲಿ ಬರೆದಿದ್ದೀರಿ? ಎಲ್ಲೂ ಇಲ್ಲ. ಆ ರಿಜಿಸ್ಟರಿನ ನಮೂನೆಯಲ್ಲಿ ಅಂಥ ಕಾಲಮ್ಮೇ ಇಲ್ಲ. ಅವರು ಸುಮ್ನೆ ಉದಾಹರಣೆಗೆ ಅಂತ ಬರೆದು ತೋರಿಸಿದರು. ಹಗಲು 14 ಊದಿವೆ, ರಾತ್ರಿ 6. ರಾತ್ರಿಯೇ ವಾಸಿ ಅನಿಸುತ್ತದೆ. ಆದರೆ ಹಗಲು ಹಾಕಿದ್ದು 140, ರಾತ್ರಿ ಹಾಕಿದ್ದು ಬರೀ 30 ಆಗಿದ್ದರೆ? ನೂರಕ್ಕೆ ಹತ್ತು, ನೂರಕ್ಕೆ ಇಪ್ಪತ್ತು. ತೀರ್ಮಾನ ತಲೆಕೆಳಗು.

ಅಲ್ಲಿಗೂ ಬಿಡಲಿಲ್ಲ. ರಾತ್ರಿ ಬರುವವರು ಯಾರು? ಅಪಘಾತದವರು, ವಾಂತಿ ಭೇದಿಯಾಗಿ ನರವೇ ಸಿಗದವರು, ವಯಸ್ಸಾದವರು. ಅವರಿಗೆ ಹಗಲು ಹಾಕಿದ್ದರೂ ಊದುತ್ತಿತ್ತೋ ಏನೋ. ಪೊಟ್ಯಾಶಿಯಂ ಹೋಗುವ ಡ್ರಿಪ್ಪಿಗೂ ಬರೀ ಸಲೈನಿಗೂ ವ್ಯತ್ಯಾಸ ಇದೆ. ಒಂದು ದಿನ ಇಟ್ಟ ಕ್ಯಾನುಲಾವನ್ನೂ ಮೂರು ದಿನ ಇಟ್ಟದ್ದನ್ನೂ ಒಂದೇ ಲೆಕ್ಕಕ್ಕೆ ಹಿಡಿಯಬಹುದಾ? ಊದಿದೆ ಅಂತ ತೀರ್ಮಾನಿಸುವವರು ಯಾರು? ಹಾಕಿದ ಸಿಸ್ಟರೇ ನೋಡಿದರೆ ಸ್ವಲ್ಪ ಕೆಂಪಿದ್ದದ್ದು ಕಣ್ಣಿಗೆ ಬೀಳಲಿಕ್ಕಿಲ್ಲ. ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ವಿಐಪಿ ಸ್ಕೋರ್ ಎಂಬ ಅಳತೆ ಇದೆ. ಎರಡು ಬಂದರೆ ಕ್ಯಾನುಲಾ ತೆಗೆದು ಬೇರೆ ಕಡೆ ಹಾಕಬೇಕು. ಒಂದೇ ಕೈಯನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ ಅಂಕ ಕೊಡಲಿ, ಎಷ್ಟು ಸಲ ತಾಳೆಯಾಗುತ್ತದೆ ನೋಡೋಣ ಎಂದರು. ಬರೀ ಅದೃಷ್ಟದಿಂದಲೇ ತಾಳೆಯಾಗುವುದನ್ನು ಕಳೆದು ಉಳಿದದ್ದನ್ನು ಅಳೆಯುವ ‘ಕಪ್ಪಾ’ ಎಂಬ ಲೆಕ್ಕವನ್ನು ನಾವು ಕಲಿತದ್ದು ಆಗ. ಅದು ಬೇಕು ಅನಿಸಿದ ಮೇಲೆ ಕಲಿತದ್ದರಿಂದ ಇವತ್ತಿಗೂ ಮರೆತಿಲ್ಲ. ಕೊನೆಗೆ ಕೈಗೆ ಬಂದದ್ದು ಒಂದು ಪುಟದ ಯೋಜನೆ ಮತ್ತು ರಿಜಿಸ್ಟರಿಗೆ ಹೊಸ ನಾಲ್ಕು ಕಾಲಮ್ಮು: ಹಾಕಿದ ತಾರೀಕು ಮತ್ತು ಸಮಯ, ಕ್ಯಾನುಲಾ ನಂಬರು, ಯಾವ ಔಷಧಿ, ತೆಗೆದ ಸಮಯ. ಊದಲಿ ಬಿಡಲಿ, ಹಾಕಿದ ಪ್ರತಿಯೊಂದಕ್ಕೂ ಒಂದು ಸಾಲು.

ಗ್ರಾಮ ಆಡಳಿತಾಧಿಕಾರಿಯವರ ಸರದಿ ಬಂದಾಗ ಪಾಠ ಇನ್ನೂ ರಂಗೇರಿತು. ಅವರದು ಬೆಳೆ ಕಟಾವು ಪ್ರಯೋಗ, ಅಂದರೆ ಹೊಲದ ಒಂದು ತುಂಡಿನ ಬೆಳೆ ಕೊಯ್ದು ತೂಗಿ ಇಳುವರಿ ಅಂದಾಜಿಸುವುದು. ಫಸಲ್ ಬಿಮಾ ಪರಿಹಾರ ಎಷ್ಟು ಎಂಬುದು ಅದರ ಇಳುವರಿಯ ಮೇಲೆ ನಿಂತಿರುವುದರಿಂದ, ಹೊಲಕ್ಕೆ ಹೋದರೆ ‘ಸಾಹೇಬ್ರ, ಈ ಮೂಲ್ಯಾಗ ಕೊಯ್ರೀ’ ಎಂದು ಬೆಳೆ ಒಣಗಿದ ಮೂಲೆಗೇ ಕರೆದೊಯ್ಯುತ್ತಾರಂತೆ. ಅದಕ್ಕೇ ಯಾವ ಸರ್ವೆ ನಂಬರು, ಹೊಲದ ಯಾವ ಜಾಗ ಎಂಬುದನ್ನು ಯಾದೃಚ್ಛಿಕ (ರ‍್ಯಾಂಡಮ್) ಸಂಖ್ಯೆಗಳೇ ಹೇಳಬೇಕು ಎಂಬ ನಿಯಮ. ರ‍್ಯಾಂಡಮ್ ಅಂದರೆ ಮನಸ್ಸಿಗೆ ಬಂದಂತೆ ಆರಿಸುವುದು ಎಂದುಕೊಂಡಿದ್ದ ನಮಗೆಲ್ಲ ಆ ಒಂದು ಮಾತಿನಿಂದ ವಿಷಯ ತಿಳಿಯಿತು. ಬೇರೆ ಬೇರೆ ಕೆಲಸದವರು ಒಂದೇ ಬ್ಯಾಚಿನಲ್ಲಿ ಇದ್ದರೆ ಇಂಥ ಲಾಭ ಇದೆ. ಬರೀ ನರ್ಸುಗಳ ಬ್ಯಾಚಿನಲ್ಲಿ ಇದು ಸಿಗುತ್ತಿರಲಿಲ್ಲ.

ಸರ್ ಆಗಾಗ ಹಳೇ ಕಥೆ ಹೇಳುತ್ತಿದ್ದರು. ಈ ಶಾಸ್ತ್ರವನ್ನು ಕಟ್ಟಿದವರಲ್ಲಿ ನೌಕರಿ ಮಾಡುತ್ತಲೇ ಕಲಿತವರು ಬಹಳ. ನಾವೆಲ್ಲ ಒತ್ತುವ ಟಿ-ಟೆಸ್ಟ್ ಹುಟ್ಟಿದ್ದು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ಉದ್ಯೋಗಿ ಗೊಸೆಟ್ ಅವರಿಂದ. ಕಂಪನಿಯಿಂದ ರಜೆ ಪಡೆದು ಲಂಡನ್ನಿಗೆ ಹೋಗಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್‌ಸನ್ ಬಳಿ ಕಲಿತು, 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಲೇಖನ ಬರೆದರು. ನನಗೆ ಹೆಚ್ಚು ಹಿಡಿಸಿದ್ದು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರದು. ಡಾಕ್ಟರ್ ಆಗಬೇಕೆಂದಿದ್ದವರು. ಮೊದಲ ಮಹಾಯುದ್ಧದಲ್ಲಿ ಟಿಬಿ ತಗುಲಿ ಆ ಆಸೆ ಬಿಟ್ಟು, ಲಂಡನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪದವಿಯನ್ನು ಅಂಚೆ ಮೂಲಕವೇ ಓದಿ ಪಡೆದರು. ದೂರಶಿಕ್ಷಣದ ವಿದ್ಯಾರ್ಥಿ! 1937ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಕೆಲಸದಲ್ಲಿರುವ ವೈದ್ಯರಿಗೆ ಅರ್ಥವಾಗುವ ಹಾಗೆ ಸಂಖ್ಯಾಶಾಸ್ತ್ರದ ಲೇಖನಮಾಲೆ ಬರೆದರು. ಆಮೇಲೆ ಟಿಬಿಗೆ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುತ್ತದೆಯೇ ಎಂದು ಬ್ರಿಟನ್ನಿನಲ್ಲಿ ನಡೆದ ಪ್ರಯೋಗದ ವಿನ್ಯಾಸವೂ ಅವರದೇ. ಔಷಧಿ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಯಾರಿಗೆ ಸಿಗಬೇಕು ಎಂಬುದನ್ನು ಯಾದೃಚ್ಛಿಕ ಸಂಖ್ಯೆ ನೋಡಿ ಮುಚ್ಚಿದ ಲಕೋಟೆಯಲ್ಲಿ ಇಟ್ಟರು. ಎಕ್ಸ್‌ರೇ ನೋಡಿದವರಿಗೆ ಯಾರು ಯಾವ ಗುಂಪು ಎಂದು ಗೊತ್ತಿರಲಿಲ್ಲ. 1948ರಲ್ಲಿ ಪ್ರಕಟವಾದ ಫಲಿತಾಂಶ: ಔಷಧಿ ಪಡೆದ 55 ಜನರಲ್ಲಿ ಆರು ತಿಂಗಳೊಳಗೆ ಸತ್ತವರು 4, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14. ಒಟ್ಟು 107 ಜನ ಅಷ್ಟೇ. 384 ಅಲ್ಲ!

ನಮ್ಮ ಟಿಬಿ ರೋಗಿಗಳು ಇವತ್ತು ಸ್ಯಾನಟೋರಿಯಂಗೆ (ಟಿಬಿಯವರನ್ನು ಇರಿಸಿಕೊಳ್ಳುವ ಆಸ್ಪತ್ರೆಗೆ) ಹೋಗದೆ ಮನೆಯಲ್ಲೇ ಮಾತ್ರೆ ನುಂಗುತ್ತಾರಲ್ಲ, ಅದರ ಹಿಂದೆಯೂ ಇಂಥದ್ದೇ ಪ್ರಯೋಗವಿದೆ. 1950ರ ದಶಕದಲ್ಲಿ ಮದ್ರಾಸಿನಲ್ಲಿ ಚೀಟಿ ಎತ್ತಿದ ಹಾಗೆ ಕೆಲವರಿಗೆ ಮನೆಯಲ್ಲಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿ ಚಿಕಿತ್ಸೆ ಕೊಟ್ಟು ಹೋಲಿಸಿದ್ದರು.

ಇನ್ನು ನಮ್ಮ ಪಕ್ಕದ ಮಾತು. ಹಾವೇರಿ ಜಿಲ್ಲೆಯಿಂದ ತುಂಗಭದ್ರೆ ದಾಟಿದರೆ ಹೂವಿನಹಡಗಲಿ. ಹಡಗಲಿ ಮಲ್ಲಿಗೆ ಎಲ್ಲರಿಗೂ ಗೊತ್ತು. 1920ರಲ್ಲಿ ಅದೇ ಊರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1945ರಲ್ಲಿ ಬರೆದ ಒಂದೇ ಲೇಖನ ಜಗತ್ತಿನ ಸಂಖ್ಯಾಶಾಸ್ತ್ರದ ಪಠ್ಯಗಳಲ್ಲೆಲ್ಲ ಕೂತಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು. ಇಂಥ ನೆಲದಲ್ಲಿ ಕೂತು ನಾವು ‘ಸಿಗ್’ ಕಾಲಮ್ಮು ಹುಡುಕುತ್ತಿದ್ದೇವೆ.

ಸರ್ಕಾರಿ ವ್ಯವಸ್ಥೆಯಲ್ಲಿ ಒಳ್ಳೆಯದು ಏನೂ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಚೆನ್ನೈ ಸಂಸ್ಥೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ವೇದಿಕೆ ಮೂಲಕ ನಡೆಸುವ ಮೂಲ ಜೈವಿಕವೈದ್ಯಕೀಯ ಸಂಶೋಧನಾ ಕೋರ್ಸ್ ಇದೆ. ಪಿಜಿ ಮಾಡುವ ವೈದ್ಯರಿಗೂ ವೈದ್ಯಕೀಯ ಅಧ್ಯಾಪಕರಿಗೂ ಕಡ್ಡಾಯ. ಪಾಠ ಬೇಕಾದಾಗ ನೋಡಬಹುದು, ಆದರೆ ಸರ್ಟಿಫಿಕೇಟಿಗೆ ಕೇಂದ್ರಕ್ಕೆ ಹೋಗಿ ಕೂತು ಪರೀಕ್ಷೆ ಬರೆಯಬೇಕು. ಸಂಶೋಧನೆಯ ಪ್ರಶ್ನೆ ಹೇಗಿರಬೇಕು ಎಂಬಲ್ಲಿಂದಲೇ ಶುರು ಮಾಡುತ್ತಾರೆ, ಅದು ಸರಿಯಾದ ದಾರಿ. ನನ್ನ ತಕರಾರು ಎರಡು. ಒಂದು, ಪಾಠ ಇಂಗ್ಲಿಷಿನಲ್ಲಿದೆ. ಇನ್ನೊಂದು, ನನ್ನ ಕ್ಯಾನುಲಾ ರಿಜಿಸ್ಟರನ್ನು ವಿಡಿಯೋಗೆ ತೋರಿಸಲು ಆಗುವುದಿಲ್ಲ. ‘ಹಾಕಿದ್ದು ಎಷ್ಟು?’ ಎಂದು ತಿರುಗಿ ಕೇಳುವವರು ಬೇಕು, ಅದೂ ಲೆಕ್ಕಕ್ಕೆ ಮುಂಚೆಯೇ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ 1938ರಲ್ಲಿ ಕಲ್ಕತ್ತೆಗೆ ಬಂದಾಗ ಹೇಳಿದ್ದು ಇದನ್ನೇ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞರನ್ನು ಕರೆದರೆ ಅವರು ಪೋಸ್ಟ್‌ಮಾರ್ಟಂ ಮಾಡಿ ಯಾವುದರಿಂದ ಸತ್ತಿತು ಎಂದಷ್ಟೇ ಹೇಳಬಲ್ಲರು.

ಆದ್ದರಿಂದ ನಿಮ್ಮ ಪತ್ರಿಕೆ ಮೂಲಕ ನನ್ನ ಕೋರಿಕೆ ಹೀಗಿದೆ. ಧಾರವಾಡ, ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರ ವಿಭಾಗಗಳಿವೆ. ಮೈಸೂರಿನಲ್ಲಿ ರಾಜ್ಯದ ಮುಕ್ತ ವಿಶ್ವವಿದ್ಯಾಲಯವೂ ಇದೆ. ಉದ್ಯೋಗಸ್ಥರಿಗಾಗಿ ಕನ್ನಡದಲ್ಲಿ ಒಂದು ಕೋರ್ಸ್ ಮಾಡಿ. ಬ್ಯಾಚಿಗೆ ಇಪ್ಪತ್ತೈದು ಜನಕ್ಕಿಂತ ಹೆಚ್ಚು ಬೇಡ. ಬರುವವರು ತಮ್ಮ ಕೆಲಸದ ಒಂದು ಪ್ರಶ್ನೆ ತರಲಿ. ಮೊದಲ ಅರ್ಧದಲ್ಲಿ ಸಾಫ್ಟ್‌ವೇರ್ ತೆರೆಯಲೇಬೇಡಿ, ಆಮೇಲೆ ಉಚಿತವಾದದ್ದನ್ನೇ ಕಲಿಸಿ. ರೋಗಿಗಳ, ಮಕ್ಕಳ ಹೆಸರು ಇರುವ ಹಾಳೆಯನ್ನು ಗ್ರೂಪಿಗೆ ಹಾಕಬಾರದು, ಎಥಿಕ್ಸ್ ಸಮಿತಿಯ ಒಪ್ಪಿಗೆ ಯಾವಾಗ ಬೇಕು ಎಂಬುದನ್ನೂ ಸೇರಿಸಿ. ಸರ್ಟಿಫಿಕೇಟನ್ನು ಹಾಜರಾತಿಗೆ ಕೊಡಬೇಡಿ, ತಿದ್ದಿಸಿಕೊಂಡ ಒಂದು ಪುಟದ ಯೋಜನೆಗೆ ಕೊಡಿ. ಮತ್ತು ನಮ್ಮ ನೋಂದಣಿ ನವೀಕರಣಕ್ಕೆ ಕ್ರೆಡಿಟ್ ಅವರ್ಸ್ ಕೊಡುವವರು ಯೂಟ್ಯೂಬ್ ಲೈವ್‌ಗೂ ಇಂಥ ಕೋರ್ಸಿಗೂ ಒಂದೇ ತಕ್ಕಡಿ ಹಿಡಿಯುವುದನ್ನು ನಿಲ್ಲಿಸಲಿ. ಶುಲ್ಕ ಇಟ್ಟರೂ ಪರವಾಗಿಲ್ಲ, ಕಟ್ಟುತ್ತೇವೆ.

ಸಮಯದ ವಿಚಾರ ಒಂದಿದೆ. ದಯವಿಟ್ಟು ಸಂಜೆ ಆರು ಗಂಟೆಗೆ ಇಡಬೇಡಿ. ಮಧ್ಯಾಹ್ನದ ಪಾಳಿಯವರು ಬಿಡುವಾಗುವುದೇ ರಾತ್ರಿ ಎಂಟಕ್ಕೆ, ಹ್ಯಾಂಡ್‌ಓವರ್ ಕೊಟ್ಟು ಮನೆ ಮುಟ್ಟಿ ಫೋನ್ ಹಿಡಿಯುವಷ್ಟರಲ್ಲಿ ಒಂಬತ್ತು. ರಾತ್ರಿ ಪಾಳಿಯವರಿಗೆ ರೆಕಾರ್ಡಿಂಗ್ ಕೊಡಿ, ಆದರೆ ವಾರಕ್ಕೊಮ್ಮೆ ಪ್ರಶ್ನೆ ಕೇಳಲು ಭಾನುವಾರ ಬೆಳಿಗ್ಗೆ ಒಂದು ಗಂಟೆ ಇರಲಿ. ತಾಲ್ಲೂಕು ಕಡೆ ನೆಟ್‌ವರ್ಕ್ ಹೋಗಿ ಬರುವುದರಿಂದ ಮುಖ ತೋರಿಸಲೇಬೇಕೆಂಬ ನಿಯಮ ಬೇಡ, ದನಿ ಕೇಳಿದರೆ ಸಾಕು.

ಇತಿ,
ಒಬ್ಬ ಶುಶ್ರೂಷಾಧಿಕಾರಿ, ಹಾವೇರಿ ಜಿಲ್ಲೆ
(ಸರ್ಕಾರಿ ನೌಕರಿಯಲ್ಲಿರುವುದರಿಂದ ಹೆಸರು ಪ್ರಕಟಿಸಬಾರದಾಗಿ ವಿನಂತಿ)